ಗುರುವಾರದ ಭವಿಷ್ಯ, ಶನಿವಾರದ ಹಾರ್ನ್

ಸೋಮವಾರ: ಕಾಲಿಗೆ ಹತ್ತಿದ ಎರೆ

ಆಸ್ಟ್ರೇಲಿಯಾಕ್ಕೆ ಹೋಗಿ ಬಂದವರು ಸಮುದ್ರ ನೋಡಿರುತ್ತಾರೆ, ಕಾಂಗರೂ ನೋಡಿರುತ್ತಾರೆ. ನಾನು ಐದು ವಾರ ಇದ್ದು ಹೆಚ್ಚಾಗಿ ನೋಡಿದ್ದು ಒಂದು ಮೈದಾನ. ಅದಕ್ಕಾಗಿ ನನಗೆ ಬೇಸರವಿಲ್ಲ. ಗದಗ ಜಿಲ್ಲೆಯ ರೋಣದ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಹುಡುಗಿಯರಿಗೆ ಆಟ ಕಲಿಸಿದವಳು ನಾನು. ಊರಲ್ಲಿ ನನ್ನ ಹೆಸರು ಹಿಡಿದು ಕೇಳಿದರೆ ಮನೆ ಸಿಗುವುದು ಕಷ್ಟ. 'ಆಟದ ಅಕ್ಕೋರ ಮನೆ' ಎಂದರೆ ಬಸ್ ಸ್ಟ್ಯಾಂಡಿನಿಂದಲೇ ದಾರಿ ತೋರಿಸುತ್ತಾರೆ.

ಮಗಳು ಶೈಲಾ ವಿಕ್ಟೋರಿಯಾ ರಾಜ್ಯದ ಪಶ್ಚಿಮದಲ್ಲಿ, ವಿಮ್ಮೆರಾ ಎಂಬ ಸೀಮೆಯ ಸಣ್ಣ ಊರೊಂದರ ದವಾಖಾನೆಯಲ್ಲಿ ನರ್ಸ್. ಮೆಲ್ಬೋರ್ನಿನಿಂದ ಕಾರಿನಲ್ಲಿ ನಾಲ್ಕು ತಾಸಿನ ದಾರಿ. ಗುಡ್ಡ ಮುಗಿದು ಬಯಲು ಶುರುವಾದಾಗ ಕಾರು ನಿಲ್ಲಿಸಲು ಹೇಳಿ ಇಳಿದೆ. ಹಿಂದಿನ ದಿನ ಮಳೆಯಾಗಿತ್ತು. ಎರಡು ಹೆಜ್ಜೆಗೆ ಚಪ್ಪಲಿ ಅರ್ಧ ಸೇರು ಭಾರವಾಯಿತು. ನಮ್ಮ ಸೀಮೆಯಂಥದೇ ಅಂಟು ಎರೆಮಣ್ಣು! ಹೊಲದಲ್ಲಿ ಗೇಣುದ್ದ ಕಡಲೆ ಸಸಿ. ನಮ್ಮೂರ ಪಕ್ಕದ ಅಬ್ಬಿಗೇರಿ ದಾರಿಯಲ್ಲಿ ಇಳಿದಂತೆಯೇ ಆಯಿತು. ಒಂದೇ ವ್ಯತ್ಯಾಸ, ಕಣ್ಣು ಹರಿಯುವವರೆಗೆ ಒಬ್ಬ ಮನುಷ್ಯನೂ ಇರಲಿಲ್ಲ.

"ಯವ್ವಾ, ಬೂಟು ಹಾಕ್ಕೋ ಅಂದ್ರ ಕೇಳಲಿಲ್ಲ. ಈಗ ಕಾರ್ ತುಂಬ ಎರಿ ಆಗತೈತಿ," ಎಂದಳು ಶೈಲಾ.

"ಅರವತ್ತು ವರ್ಷ ಇದ ಮಣ್ಣಾಗ ಅಡ್ಡಾಡೇನಿ. ನೀ ನನಗ ಎರಿ ಬಗ್ಗೆ ಕಲಿಸಬ್ಯಾಡ," ಎಂದು ಕಡ್ಡಿಯಿಂದ ಚಪ್ಪಲಿ ಕೆರೆಯುತ್ತ ಹೇಳಿದೆ.

ಆ ಊರಿಗೆ ಇರುವುದು ಒಂದು ಬೇಕರಿ, ಒಂದು ದವಾಖಾನೆ, ಕಾಳು ತುಂಬುವ ಎತ್ತರದ ಉಗ್ರಾಣಗಳು ಮತ್ತು ಮೊಟ್ಟೆಯಾಕಾರದ ಒಂದು ದೊಡ್ಡ ಮೈದಾನ. ಅಲ್ಲಿ ಆಡುವ ಫುಟ್ಬಾಲು ನಾವು ತಿಳಿದ ಫುಟ್ಬಾಲಲ್ಲ. ಚೆಂಡು ಸುಲಿದ ತೆಂಗಿನಕಾಯಿಯಂತೆ ಉದ್ದ, ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೆಂದು ಹೇಳಲಾಗದು. ಒದೆಯಬಹುದು, ಹಿಡಿದು ಓಡಬಹುದು, ಆದರೆ ಎಸೆಯಬಾರದು; ಒಂದು ಅಂಗೈ ಮೇಲಿಟ್ಟು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ದಾಟಿಸಬೇಕು. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎತ್ತರದ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, ಆರು ಅಂಕ. ಸ್ವಲ್ಪ ತಪ್ಪಿ ಬದಿಯ ಗಿಡ್ಡ ಕಂಬದ ಸಂದಿಗೆ ಹೋದರೆ ಒಂದು ಅಂಕ. ಗುರಿ ತಪ್ಪಿದವರಿಗೂ ಅಂಕ ಕೊಡುವುದು ಮೊದಮೊದಲು ನನಗೆ ಸರಿಬೀಳಲಿಲ್ಲ. ಇಂಥ ಸಡಿಲಿಕೆಯಿಂದ ಮಕ್ಕಳು ಕೆಡುತ್ತಾರೆ ಎಂದು ಶೈಲಾಗೆ ಹೇಳಿದೆ. ಅವಳು ನಕ್ಕಳು.

ಮೊದಲನೆಯ ಶನಿವಾರವೇ ನನ್ನ ಫಜೀತಿಯಾಯಿತು. ಅಲ್ಲಿಯ ಜನ ಮೈದಾನದ ಸುತ್ತ ಬೇಲಿಗೆ ಮೂತಿ ಹಚ್ಚಿ ಕಾರು ನಿಲ್ಲಿಸುತ್ತಾರೆ, ಚಳಿಗೆ ಅಂಜಿ ಒಳಗೇ ಕೂತು ಆಟ ನೋಡುತ್ತಾರೆ. ಇದ್ದಕ್ಕಿದ್ದಂತೆ ಸುತ್ತಲಿನ ಕಾರುಗಳೆಲ್ಲ ಒಮ್ಮೆಲೇ ಹಾರ್ನ್ ಹೊಡೆದವು. ಯಾರದೋ ದಾರಿ ಕಟ್ಟಿದೆ ಎಂದುಕೊಂಡು ನಾನು ಇಳಿದು, ಎರಡೂ ಕೈ ಬೀಸಿ, ಹಿಂದಿನ ಮೂರು ಕಾರುಗಳನ್ನು ಸರಿಸತೊಡಗಿದೆ. ಒಬ್ಬ ಮುದುಕ ಪಾಪ ನನ್ನ ಮಾತು ಕೇಳಿ ಕಾರನ್ನು ಹಿಂದಕ್ಕೆ ಒಯ್ದೂ ಬಿಟ್ಟ. ಶೈಲಾ ಓಡಿ ಬಂದು, "ಯವ್ವಾ, ಗೋಲ್ ಆಗೇತಿ! ಖುಷಿಗೆ ಹಾರ್ನ್ ಹೊಡೀತಾರ!" ಎಂದು ನನ್ನನ್ನು ಒಳಗೆ ಕೂಡಿಸಿದಳು. ಅಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: 'ಹಾರ್ನ್ ಗೋಲಿಗೆ ಮಾತ್ರ. ಒಂದು ಅಂಕಕ್ಕೆ ಇಲ್ಲ.'

ಹೀಗೆ ನಾಲ್ಕು ವಾರ ಕಳೆದವು. ನಾನೀಗ ಹೇಳಹೊರಟಿದ್ದು ಕೊನೆಯ ವಾರದ ಸಂಗತಿ. ಆ ಸೋಮವಾರ ಚಹಾ ಕುಡಿಯುವಾಗ ಶೈಲಾ ಮೆಲ್ಲಗೆ ಹೇಳಿದಳು: "ಈ ಶನಿವಾರ ಕಡೀ ಸುತ್ತು ಯವ್ವಾ. ಸೋತ್ರ ಈ ವರ್ಷದ ಆಟ ಮುಗೀತು. ನೀನೂ ಮುಂದಿನ ಸೋಮವಾರ ಹೊಂಟಿ."

ನನಗೆ ಅರ್ಥವಾಯಿತು. ಮೂವತ್ತಾರರ ವಯಸ್ಸಿನಲ್ಲಿ ಅವಳು ಊರಿನ ಹೆಂಗಸರ ತಂಡಕ್ಕೆ ಸೇರಿದ್ದಳು. ಚಳಿಗಾಲವಿಡೀ ಅಭ್ಯಾಸಕ್ಕೆ ಹೋಗಿದ್ದಳು. ಪ್ರತಿ ವಾರವೂ ಅವಳ ಹೆಸರು ಬರುತ್ತಿದ್ದುದು ತಂಡದ ಹೊರಗೆ, ಯಾರಾದರೂ ತಪ್ಪಿದರೆ ಎಂದು ಕಾಯುವವರ ಪಟ್ಟಿಯಲ್ಲಿ. ಒಂದು ಸಲವೂ ಮೈದಾನಕ್ಕೆ ಇಳಿದಿರಲಿಲ್ಲ. ಅವಳು ಆಡುವುದನ್ನು ನಾನು ನೋಡಬೇಕಾದರೆ ಉಳಿದದ್ದು ಈ ಶನಿವಾರ ಒಂದೇ.

ಮಂಗಳವಾರ: ಹನ್ನೆರಡು ನಿಮಿಷ

ಸಂಜೆ ಐದೂವರೆಗೆ ಅಭ್ಯಾಸ. ಶೈಲಾ ದವಾಖಾನೆಯಿಂದ ನೇರ ಬರುವವಳಿದ್ದಳು; ನಾನು ನಡೆದುಕೊಂಡು ಐದೂಕಾಲಿಗೇ ಹೋದೆ. ತಂಡದ ತರಬೇತುದಾರಳು ಟ್ರೇಸಿ ಎಂಬಾಕೆ. ಐವತ್ತರ ಆಸುಪಾಸು, ಕಡಲೆ ಬೆಳೆಯುವ ರೈತ ಹೆಂಗಸು, ಟ್ರ್ಯಾಕ್ಟರಿನಿಂದ ಇಳಿದ ಬೂಟಿನಲ್ಲೇ ಮೈದಾನಕ್ಕೆ ಬರುವವಳು. ಹಾಜರಿ ಬರೆಯುವ ಹೆಂಗಸು ಅಂದು ಕುರಿ ಮರಿ ಹಾಕುತ್ತಿದೆ ಎಂದು ಬಂದಿರಲಿಲ್ಲ. ಟ್ರೇಸಿ ಹಾಳೆ ಹಚ್ಚಿದ ಹಲಗೆಯನ್ನು ನನ್ನ ಕೈಗೆ ಕೊಟ್ಟಳು. "ನೀವು ಟೀಚರ್ ಅಲ್ಲವೇ? ಇದು ನಿಮಗೆ ಹೊಸದಲ್ಲ," ಎಂದಳು.

ಹೊಸದಲ್ಲವೇ ಅಲ್ಲ. ಹಾಳೆಗೆ ಅಂಚು ಎಳೆದೆ. ಹೆಸರು, ಬಂದ ಸಮಯ, ಷರಾ. ಬಂದವರ ಹೆಸರಿನ ಮುಂದೆ ನಿಮಿಷ ಸಹಿತ ಬರೆದೆ. ನಾನು ಮೆಚ್ಚಿದ್ದೇನೆಂದರೆ, ಹೆಚ್ಚಿನವರು ಐದು ಇಪ್ಪತ್ತೈದಕ್ಕೇ ಬಂದಿದ್ದರು. ಬೇಕರಿಯವಳು, ಬಸ್ ಓಡಿಸುವವಳು, ಎರಡು ಮಕ್ಕಳ ತಾಯಿ. ಹಗಲೆಲ್ಲ ದುಡಿದು, ಮೂಗು ಕೆಂಪಾಗುವ ಚಳಿಯಲ್ಲಿ ತಾವಾಗಿಯೇ ಓಡತೊಡಗಿದರು. ಯಾರೂ ಗದರಿಸುವವರಿಲ್ಲ, ಯಾರೂ ಗದರಿಸಿಕೊಳ್ಳುವವರಿಲ್ಲ. ಮೂವತ್ತೆರಡು ವರ್ಷ ನಾನು ಸೀಟಿ ಊದಿ ತಂದ ಶಿಸ್ತು ಇಲ್ಲಿ ಸೀಟಿಯಿಲ್ಲದೆ ಬಂದಿತ್ತು.

ಶೈಲಾ ಓಡುತ್ತ ಬಂದದ್ದು ಐದು ನಲವತ್ತೆರಡಕ್ಕೆ. ನಾನು ಬರೆದೆ: 'ಶೈಲಾ. ತಡ, 12 ನಿಮಿಷ.'

ಊರಲ್ಲಿಯೂ ಮಗಳೆಂದು ಒಂದು ನಿಮಿಷ ಬಿಟ್ಟವಳಲ್ಲ ನಾನು.

ಅಭ್ಯಾಸ ಮುಗಿದ ಮೇಲೆ ಕ್ಲಬ್ಬಿನ ಗೋಡೆಯ ಮೇಲಿನ ಚೀಟಿ ಕಣ್ಣಿಗೆ ಬಿತ್ತು. ಮಂಗಳವಾರ ತಡವಾಗಿ ಬಂದವರ ಹೆಸರನ್ನು ಗುರುವಾರ ಆಯ್ಕೆಯಲ್ಲಿ ಕೊನೆಗೆ ನೋಡಲಾಗುವುದು ಎಂದಿತ್ತು. ಬೇಕರಿಯವಳು ನನ್ನ ಹಾಳೆ ನೋಡಿ ಹುಬ್ಬೇರಿಸಿದಳು. "ಅಯ್ಯೋ, ಮೈ ಬಿಸಿ ಮಾಡಿಕೊಳ್ಳುವ ಓಟ ಮುಗಿಯುವವರೆಗೆ ಬಂದವರನ್ನು ನಾವು ತಡ ಎಂದು ಬರೆಯುವುದಿಲ್ಲ. ಎಲ್ಲರೂ ಕೆಲಸದಿಂದ ಬರುವವರಲ್ಲವೇ?" ಎಂದಳು.

ಹಾಳೆ ಆಗಲೇ ಟ್ರೇಸಿಯ ಕೈಯಲ್ಲಿತ್ತು.

ಬುಧವಾರ: ಅಡುಗೆಮನೆ

ಶೈಲಾ ಬೆಳಗ್ಗೆ ಎಂದಿಗಿಂತ ಜೋರಾಗಿ ರೊಟ್ಟಿ ಬಡಿಯುತ್ತಿದ್ದಳು. ಊರಿಂದ ನಾನು ಹೊತ್ತು ತಂದ ಜೋಳದ ಹಿಟ್ಟು ಅದು, ತಳ ಕಂಡಿತ್ತು.

"ಬರೀಬೇಕಾಗಿದ್ದು ಬರದೀನಿ," ಎಂದೆ.

"ನಾ ಏನಾರ ಅಂದ್ನೇನ?"

"ಮುಖ ಅನ್ನಾಕತ್ತೇತಿ."

ಅವಳು ರೊಟ್ಟಿ ಹಂಚಿಗೆ ಹಾಕಿ ತಿರುಗಿದಳು. "ಎಂಟನೇ ಕ್ಲಾಸಿನ್ಯಾಗನೂ ಹಿಂಗ ಮಾಡಿದ್ದಿ. ತಾಲೂಕಾ ಖೋ ಖೋ ಟೀಮಿನಿಂದ ತಗದು ಹಾಕಿದಿ. ಹತ್ತ ನಿಮಿಷ ತಡ ಆಗಿದ್ದಕ್ಕ."

"ಯಾಕ ತಡ ಆತು ಅಂತ ಹೇಳಬೇಕಿತ್ತು."

"ನೀ ಕೇಳಿದ್ದೇನ?"

ನಾನು ಕೇಳಿದೆ: "ಈಗ ಕೇಳತೇನಿ. ಯಾಕ ತಡ ಆಗಿತ್ತು?"

"ಈಗ ನೆನಪಿಲ್ಲ ಯವ್ವಾ. ಕಾರಣ ಮರತ ಹೋಗೇತಿ. ನೀ ಕೇಳಲಿಲ್ಲ ಅನ್ನೂದಷ್ಟ ನೆನಪೈತಿ," ಎಂದಳು. ಸಿಟ್ಟಿನಿಂದಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವುತ್ತ, ಉಪ್ಪು ಹೆಚ್ಚಾಗಿದೆ ಎನ್ನುವಂತೆ ಹೇಳಿದಳು.

"ನಿನ್ನಿ ಯಾಕ ತಡ ಆತು?"

ಅದನ್ನು ಹೇಳಿದಳು. ವಾರ್ಡಿನಲ್ಲಿ ಲೆನ್ ಎಂಬ ಮುದುಕ ಇದ್ದಾನೆ, ಒಂದು ಕಾಲದ ಆಟಗಾರ, ಈಗ ಕಣ್ಣು ಕಾಣುವುದಿಲ್ಲ. ವಾರದ ಕೊನೆಗೆ ಯಾರ ಮೇಲೆ ಯಾರ ಪಂದ್ಯ, ಯಾರು ಗೆಲ್ಲಬಹುದು ಎಂಬ ಸುದ್ದಿಯನ್ನು ಯಾರಾದರೂ ಓದಿ ಹೇಳಬೇಕು. ಡ್ಯೂಟಿ ಮುಗಿದ ಮೇಲೆ ಶೈಲಾ ಓದುತ್ತಾಳೆ. ನಿನ್ನೆ ಅವನ ವಾದ ಮುಗಿದಿರಲಿಲ್ಲ.

ಆಗ ರೋಣದಿಂದ ನಮ್ಮ ಯಜಮಾನರ ಫೋನು ಬಂತು. ಎಲ್ಲ ಹೇಳಿದೆ.

"ಮಗಳ ಹೆಸರಿನ ಮುಂದನೂ ಬರದ್ರೇನ್ರಿ ಅಕ್ಕೋರ? ಭೇಷ್! ವಿಮಾನ ತಡ ಆದ್ರ ಪೈಲಟ್ಟಂದೂ ಬರಕೊಂಡ ಬರ್ರಿ."

"ಚ್ಯಾಷ್ಟಿ ಬ್ಯಾಡ್ರಿ. ಏನ ಮಾಡ್ಲಿ ಹೇಳ್ರಿ."

"ನೀವ ಹಾಕಿದ ಗೆರಿ. ಇನ್ನೊಂದ ಗೆರಿ ಹಾಕಾಕ ಬರೂದಿಲ್ಲೇನು?" ಎಂದು ಫೋನು ಇಟ್ಟರು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಉಪಯೋಗಕ್ಕೆ ಬರುವ ಮಾತು ಆಡುವುದು ಹೀಗೆಯೇ, ಚೇಷ್ಟೆಯ ತುದಿಯಲ್ಲಿ.

ಗುರುವಾರ: ಭವಿಷ್ಯ ಹೇಳುವವರ ಮೇಜು

ಗುರುವಾರ ಅಭ್ಯಾಸದ ನಂತರ ಕ್ಲಬ್ಬಿನಲ್ಲಿ ಊಟ. ಅಡುಗೆ ಮಾಡಿ ಬಡಿಸುವವರು ಊರಿನವರೇ, ಪಾಳಿಯ ಮೇಲೆ. ದವಾಖಾನೆಯ ಡಾಕ್ಟರು ಅಂದು ಏಪ್ರನ್ ಕಟ್ಟಿಕೊಂಡು ಸೂಪು ಬಡಿಸುತ್ತಿದ್ದ, ಅವನ ಪೇಶೆಂಟುಗಳು ಸಾಲಾಗಿ ತಟ್ಟೆ ಹಿಡಿದು ನಿಂತಿದ್ದರು. ನಾನು ಮಾಂಸ ತಿನ್ನುವುದಿಲ್ಲವೆಂದು ಮೊದಲ ವಾರ ಒಮ್ಮೆ ಹೇಳಿದ್ದೆ. ಅಂದಿನಿಂದ ಪ್ರತಿ ಗುರುವಾರ ನನಗೊಂದು ಬೇರೆ ಪಾತ್ರೆಯಲ್ಲಿ ಬೇಳೆಯ ಸೂಪು ತಪ್ಪಿರಲಿಲ್ಲ.

ಊಟಕ್ಕೆ ಮೊದಲು ಟ್ರೇಸಿಯನ್ನು ಬದಿಗೆ ಕರೆದೆ. ಮಂಗಳವಾರದ ಹಾಳೆ ಕೇಳಿದೆ. ಅಳತೆಪಟ್ಟಿಯಿಟ್ಟು ಇನ್ನೊಂದು ಗೆರೆ ಎಳೆದು, ಮೇಲೆ 'ಕಾರಣ' ಎಂದು ಇಂಗ್ಲಿಷಿನಲ್ಲಿ ಬರೆದೆ. ಕೆಳಗೆ ಶೈಲಾಳ ಸಾಲಿನಲ್ಲಿ ತುಂಬಿದೆ: 'ವಾರ್ಡಿನಲ್ಲಿ ಲೆನ್‌ಗೆ ಪಂದ್ಯಗಳ ಸುದ್ದಿ ಓದುತ್ತಿದ್ದಳು.'

"ಇದನ್ನು ಅಂದೇ ಕೇಳಿ ಬರೆಯಬೇಕಿತ್ತು. ತಪ್ಪು ನನ್ನದು," ಎಂದೆ. ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದು ಒಳ್ಳೆಯದಾಯಿತು. ಕನ್ನಡದಲ್ಲಾಗಿದ್ದರೆ ಬಾಯಿಗೆ ಬರುತ್ತಿರಲಿಲ್ಲ.

ಟ್ರೇಸಿ ಓದಿ ಜೋರಾಗಿ ನಕ್ಕಳು. "ಲೆನ್ ಕೈಯಿಂದ ಹನ್ನೆರಡೇ ನಿಮಿಷಕ್ಕೆ ಬಿಡಿಸಿಕೊಂಡು ಬಂದಳೇ? ನನಗೆ ಒಂದು ತಾಸು ಬೇಕಾಗುತ್ತದೆ." ಆಮೇಲೆ ಗಂಭೀರಳಾಗಿ, "ಆಯ್ಕೆ ಮಾಡುವವರು ಮೂವರು. ತಡ ಎಂದರೆ ತಡವೇ, ಅವಳ ಹೆಸರನ್ನು ಕೊನೆಗೇ ನೋಡುತ್ತೇವೆ. ಆದರೆ ನೋಡುತ್ತೇವೆ," ಎಂದಳು. ಆ ಉತ್ತರ ನನಗೆ ಹಿಡಿಸಿತು. ನಿಯಮವನ್ನು ಅಳಿಸಲಿಲ್ಲ, ಮನುಷ್ಯರನ್ನೂ ಅಳಿಸಲಿಲ್ಲ.

ಅಲ್ಲಿ ಒಂದು ಪದ್ಧತಿಯಿದೆ. ತಂಡದ ಹೆಸರು ಓದುವ ಮೊದಲು ಯಾರಾದರೂ ಎದ್ದು ವಾರಾಂತ್ಯದ ಎಲ್ಲ ಪಂದ್ಯಗಳ ಭವಿಷ್ಯ ಹೇಳಬೇಕು. ಅಂದು ಊರಿಗೆ ಹೋಗುವ ಅತಿಥಿಯೆಂದು ನನ್ನನ್ನೇ ನಿಲ್ಲಿಸಿದರು. ನಾನು ನಾಲ್ಕು ವಾರ ಎಲ್ಲ ತಂಡಗಳ ಆಟ ನೋಡಿ ನೋಟ್‌ಬುಕ್ಕು ತುಂಬಿಸಿದ್ದೆ. ತೆರೆದು ಓದತೊಡಗಿದೆ.

"ನರಗುಂದ ಮತ್ತು ಶಿರೋಳ. ಶಿರೋಳದವರು ಸಣ್ಣ ಊರಿನವರು, ಬಿದ್ದರೂ ಲಗೂನೆ ಏಳುತ್ತಾರೆ. ಆದರೆ ನರಗುಂದದ ಮೂವರು ಚೆಂಡನ್ನು ಗಾಳಿಯಲ್ಲೇ ಹಿಡಿಯುತ್ತಾರೆ. ನರಗುಂದ, ಮೂರು ಗೋಲಿನಿಂದ."

ಕೋಣೆ ನಿಶ್ಶಬ್ದ. ಚಮಚಗಳೂ ನಿಂತವು.

ಆಗ ಹೊಳೆಯಿತು. ಆ ಊರುಗಳ ಉದ್ದನೆಯ ಹೆಸರು ನಾಲಿಗೆಗೆ ಹೊರಳದೆ, ನಾನು ನೋಟ್‌ಬುಕ್ಕಿನಲ್ಲಿ ಎಲ್ಲಕ್ಕೂ ನಮ್ಮ ಸೀಮೆಯ ಹೆಸರಿಟ್ಟಿದ್ದೆ. ಗುಡ್ಡಕ್ಕೆ ಬೆನ್ನು ಕೊಟ್ಟ ಊರು ನರಗುಂದ. ಎಲ್ಲಕ್ಕೂ ಸಣ್ಣದು ಶಿರೋಳ. ರೈಲು ಬರುವುದು ಗದಗ. ಸುತ್ತ ಬರೀ ಹೊಲ ಇರುವ ದೊಡ್ಡ ಹಳ್ಳಿ ಅಬ್ಬಿಗೇರಿ. ಶೈಲಾಳ ತಂಡ, ಹೇಳಬೇಕಾಗಿಲ್ಲ, ರೋಣ. ಶನಿವಾರ ಅವರ ಮೇಲೆ ಆಡುವವರ ಅಂಗಿಗೆ ಕೆಂಪು ಹಳದಿ ಪಟ್ಟಿ, ಥೇಟ್ ಗಜೇಂದ್ರಗಡದಲ್ಲಿ ನೇಯುವ ಕೈಮಗ್ಗದ ಸೀರೆಯ ಅಂಚು, ಅದಕ್ಕೇ ಅವರು ಗಜೇಂದ್ರಗಡ.

ಶೈಲಾ ಎದ್ದು ನಗು ತಡೆಯುತ್ತ ವಿವರಿಸಿದಳು. ಕೋಣೆಗೆ ಕೋಣೆಯೇ ಮೇಜು ಗುದ್ದಿತು. "ಹಾಗೇ ಓದಿ, ಹಾಗೇ ಓದಿ!" ಎಂದರು. ಡಾಕ್ಟರು ಸೂಪಿನ ಸೌಟು ಎತ್ತಿ, "ನಾವು ರೋ...ಣ!" ಎಂದು ಕೂಗಿದ. ಆ ನಾಲಿಗೆಗೆ 'ಣ' ಹತ್ತಲಿಲ್ಲ, ಆದರೂ ನನಗೆ ಮೈ ಜುಮ್ಮೆಂದಿತು.

ಗದಗದವರ ಮೇಲೆ ಅಬ್ಬಿಗೇರಿ ಗೆಲ್ಲುತ್ತದೆ ಎಂದು ಎರಡನೆಯದನ್ನೂ ಮುಗಿಸಿದೆ. ಕೊನೆಗೆ ನಮ್ಮ ಪಂದ್ಯ. ನೋಟ್‌ಬುಕ್ಕಿನಲ್ಲಿ ಇದ್ದುದನ್ನೇ ಓದಿದೆ:

"ರೋಣ ಮತ್ತು ಗಜೇಂದ್ರಗಡ. ಗಜೇಂದ್ರಗಡ, ಎರಡು ಗೋಲಿನಿಂದ."

ಈಗಿನ ನಿಶ್ಶಬ್ದ ಬೇರೆ ಥರದ್ದು. ಅಲ್ಲಿ ಗುರುವಾರ ಯಾರೂ ತಮ್ಮ ತಂಡ ಸೋಲುತ್ತದೆ ಎಂದು ಹೇಳುವುದಿಲ್ಲವಂತೆ. ಎಷ್ಟೇ ದುರ್ಬಲವಾಗಿದ್ದರೂ ನಮ್ಮವರೇ ಎನ್ನುವುದು ರೂಢಿ. ಅದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಸುಳ್ಳು ಓದುತ್ತಿದ್ದೆನೆಂದು ನನಗೆ ಭರವಸೆಯಿಲ್ಲ.

"ಯವ್ವಾ," ಎಂದು ಶೈಲಾ ಹಣೆ ಹಿಡಿದುಕೊಂಡಳು.

"ಕಾರಣ ಹೇಳಿ," ಎಂದಳು ಟ್ರೇಸಿ. ಅವಳ ಕಣ್ಣು ನಗುತ್ತಿತ್ತು.

ಹೇಳಿದೆ. ಚೆಂಡು ಕಂಬದ ಹತ್ತಿರ ಬಂದಾಗ ಗಜೇಂದ್ರಗಡದವರು ಒಟ್ಟಾಗಿ ಮುತ್ತುತ್ತಾರೆ. ನಮ್ಮವರು ನೇರ ಓಡುತ್ತಾರೆ, ಇಕ್ಕಟ್ಟಿನಲ್ಲಿ ತಿರುಗುವುದಿಲ್ಲ. ಒಂದು ಹೆಜ್ಜೆಯ ಜಾಗದಲ್ಲಿ ಬೆನ್ನು ತಿರುಗಿಸಿ ತಪ್ಪಿಸಿಕೊಳ್ಳುವವರು ಬೇಕು. ಖೋ ಖೋದಲ್ಲಿ ಹಾಗೆ ತಿರುಗಿ ಕಲಿತವಳು ಈ ಕೋಣೆಯಲ್ಲಿ ಒಬ್ಬಳಿದ್ದಾಳೆ. "ಅವಳನ್ನು ಆಡಿಸಿ ಎನ್ನುವ ಹಕ್ಕು ನನಗಿಲ್ಲ. ಅವಳ ತಾಯಿ ನಾನು. ಆದರೆ ಅವಳ ಆಟದ ಟೀಚರೂ ನಾನೇ, ಅದಕ್ಕೆ ಹೇಳಿದೆ," ಎಂದು ಕೂತೆ. ಬೇಳೆ ಸೂಪು ಆರಿತ್ತು.

ಹೆಸರು ಓದಿದರು. ಒಂದೊಂದು ಹೆಸರಿಗೂ ಚಪ್ಪಾಳೆ. ಹದಿನೈದು, ಹದಿನಾರು, ಹದಿನೇಳು... ಬೆರಳು ಮಡಚುತ್ತ ಎಣಿಸುತ್ತಿದ್ದೆ. ಕೊನೆಯ ಹೆಸರಿಗೆ ಟ್ರೇಸಿ ಕಾಗದ ಮಡಚಿ ಜೇಬಿಗಿಟ್ಟು, ನೋಡದೆ ಹೇಳಿದಳು: "ಶೈಲಾ."

ಮೊದಲ ಸಲ ಆಡುವವರಿಗೆ ಅವರ ಮನೆಯವರೇ ಅಂಗಿ ಕೊಡಬೇಕು ಎಂಬುದೂ ಅಲ್ಲಿಯ ಪದ್ಧತಿ. ನನ್ನ ಕೈಗೆ ಅಂಗಿ ಬಂತು. ಎಷ್ಟೋ ಹುಡುಗಿಯರಿಗೆ ಕೊಟ್ಟಿದ್ದೇನೆ, ಇವಳಿಗೆ ಕೊಟ್ಟಿರಲಿಲ್ಲ. ಎರಡು ಮಾತು ಆಡಿ ಎಂದರು. ನನಗೆ ಹೊರಟಿದ್ದು ಒಂದೇ: "ಶನಿವಾರ ಲಗೂ ಬಾ."

ಶುಕ್ರವಾರ: ಲೆನ್

ನೋಟ್‌ಬುಕ್ಕು ಹಿಡಿದು ದವಾಖಾನೆಗೆ ಹೋದೆ. ಲೆನ್ ಗೋಡೆಗೆ ಮುಖ ಮಾಡಿ ಮಲಗಿದ್ದ. ಶೈಲಾಳ ತಾಯಿ ಎಂದೊಡನೆ ಎದ್ದು ಕೂತು, "ಓದಿ," ಎಂದ. ಮೂರೂ ಪಂದ್ಯ ಓದಿದೆ. ಗಜೇಂದ್ರಗಡದ ಬಗ್ಗೆ ಒಪ್ಪಿದ. ನರಗುಂದದ ಬಗ್ಗೆ ಒಪ್ಪಲಿಲ್ಲ. ಅವನ ಪ್ರಕಾರ ಗಾಳಿ ಎತ್ತರದ ಚೆಂಡನ್ನು ಕೆಡಿಸುತ್ತದೆ, ಶಿರೋಳವೇ. ನಾನು ಬಿಡಲಿಲ್ಲ. ಅವನೂ ಬಿಡಲಿಲ್ಲ.

ಹೊರಗೆ ಬಂದಾಗ ಶೈಲಾ ಕಾರಿಗೆ ಒರಗಿ ಗಡಿಯಾರ ನೋಡುತ್ತಿದ್ದಳು.

"ಹದಿನಾಲ್ಕ ನಿಮಿಷ ತಡ ಅಕ್ಕೋರ. ಬರಕೊಳ್ಳಲೇನ?"

"ಕಾರಣ ಕೇಳಿ ಬರಕೋ," ಎಂದೆ.

ಶನಿವಾರ: ಬೇಲಿಯ ಬದಿ

ವರದಿಯಲ್ಲಿ ಫಲಿತಾಂಶ ಮೊದಲು ಬರೆಯುವುದು ನನ್ನ ರೂಢಿ, ಇಲ್ಲಿಯೂ ಹಾಗೆಯೇ. ನಾವು ಸೋತೆವು, ನಾಲ್ಕು ಅಂಕದಿಂದ. ಅಬ್ಬಿಗೇರಿ ಗೆದ್ದಿತು. ಗಾಳಿ ಬೀಸಿ ಶಿರೋಳ ಗೆದ್ದಿತು. ಲೆನ್‌ಗೆ ನಾನೇ ಹೋಗಿ ಹೇಳಬೇಕಾಯಿತು. ಆಟ ಮುಗಿದಾಗ ಕೆಂಪು ಹಳದಿ ಅಂಗಿಯವರು ತಮ್ಮ ಸಂಭ್ರಮಕ್ಕಿಂತ ಮೊದಲು ನಮ್ಮವರ ಬಳಿ ಬಂದು ಒಬ್ಬೊಬ್ಬರ ಕೈ ಕುಲುಕಿದರು. ಆಮೇಲೆ ಎರಡೂ ತಂಡದವರು ಕೂಡಿಯೇ ಮೈದಾನದ ಕಸ ಹೆಕ್ಕಿದರು. ಎಷ್ಟು ತಾಲೂಕಾ ಕ್ರೀಡಾಕೂಟ ನಡೆಸಿದ್ದೇನೆ, ಮುಗಿದ ಮೇಲೆ ಮೈದಾನ ಇಷ್ಟು ಚೊಕ್ಕಟ ಇದ್ದದ್ದು ನೆನಪಿಲ್ಲ.

ಆದರೆ ನಾನು ಹೇಳಬೇಕಾದದ್ದು, ನಾಲ್ಕು ಪಾಳಿಯ ಆ ಆಟದಲ್ಲಿ ಮೂರನೆಯ ಪಾಳಿಯದು. ನಾನು ಶೈಲಾಳ ಕಾರಿನಲ್ಲಿ, ಕಂಬಗಳ ಹತ್ತಿರ, ಚಾಲಕನ ಸೀಟಿನಲ್ಲಿ ಕೂತಿದ್ದೆ. ಅಲ್ಲಿಯವರೆಗೆ ಅವಳು ಹೆಚ್ಚು ಹೊತ್ತು ಬೆಂಚಿನಲ್ಲಿಯೇ ಇದ್ದಳು. ಇಳಿದ ಮೇಲೂ ಚೆಂಡು ಅವಳ ಕಡೆ ಬರಲಿಲ್ಲ. ಬಂದಾಗ ಸುತ್ತ ಮೂವರು ಕೆಂಪು ಹಳದಿಯವರಿದ್ದರು. ಮೊದಲನೆಯವಳು ಕೈ ಚಾಚಿದಳು. ಶೈಲಾ ಎಡಗಾಲು ನೆಲಕ್ಕೆ ಊರಿ, ಕಂಬ ಸುತ್ತುವಂತೆ, ಗಿರ್ರನೆ ತಿರುಗಿದಳು. ಆ ತಿರುವು ನನಗೆ ಗೊತ್ತು. ರೋಣದ ಮೈದಾನದಲ್ಲಿ, ಬಿಸಿಲಲ್ಲಿ, ನೂರು ಸಲ ತಿರುಗಿಸಿ ಕಲಿಸಿದ್ದು. ಇಬ್ಬರು ಗಾಳಿ ಹಿಡಿದು ಬಿದ್ದರು. ಮೂರನೆಯವಳು ಮೈಮೇಲೆ ಬರುವಷ್ಟರಲ್ಲಿ ಶೈಲಾ ಒದ್ದಳು.

ಚೆಂಡು ಎತ್ತರದ ಕಂಬದ ಪಕ್ಕದಲ್ಲೇ, ಒಂದು ಗೇಣು ಹೊರಗೆ ಹೋಯಿತು. ಬಿಳಿ ಕೋಟಿನ ಅಂಪೈರ್ ಒಂದೇ ಬೆರಳು ತೋರಿಸಿ, ಒಂದೇ ಬಾವುಟ ಬೀಸಿದ. ಒಂದು ಅಂಕ. ಜನ ಛೆ ಎಂದರು. ಶೈಲಾ ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ ನಿಂತಳು.

ಸುತ್ತ ಒಂದು ಕಾರೂ ಸದ್ದು ಮಾಡಲಿಲ್ಲ. ಮಾಡಬಾರದು. ನನ್ನ ನೋಟ್‌ಬುಕ್ಕಿನಲ್ಲೇ ಬರೆದಿದೆ.

ನಾನು ಎರಡೂ ಅಂಗೈ ಸೇರಿಸಿ ಹಾರ್ನ್ ಒತ್ತಿದೆ.

ಅಂಪೈರ್ ತಿರುಗಿ ನೋಡಿದ. ಶೈಲಾ ತಲೆ ಎತ್ತಿದಳು. ಪಕ್ಕದ ಕಾರಿನಲ್ಲಿದ್ದವನು, ಮೊದಲ ಶನಿವಾರ ನಾನು ಹಿಂದಕ್ಕೆ ಕಳಿಸಿದ ಅದೇ ಮುದುಕ, ಗಾಜು ಇಳಿಸಿ, ಹೊರಗಿನವಳಿಗೆ ತಿಳಿಯಲಿಲ್ಲ ಎಂದುಕೊಂಡು, ಒಂದು ಬೆರಳು ಎತ್ತಿ ತೋರಿಸಿದ. ಒಂದೇ ಅಂಕ, ಗೋಲಲ್ಲ.

ಗೊತ್ತಿದೆ ಎಂದು ನಾನೂ ಒಂದು ಬೆರಳು ಎತ್ತಿದೆ. ಇನ್ನೊಂದು ಸಲ ಹಾರ್ನ್ ಒತ್ತಿದೆ.